ಪ್ರಿವ್ಯೂ ಸರ್ವರ್ ಅಪ್‌ಗ್ರೇಡ್ ಅರ್ಧಕ್ಕೆ ನಿಂತ್ರೆ ಫಾರ್ಮ್ಯಾಟ್ ಹೊಡೀಬೇಡಿ, ಮೊದ್ಲು ಎಲ್ಲಿ ನಿಂತಿದೆ ನೋಡಿ

ಜುಲೈ ತಿಂಗಳು, ಹೊರಗೆ ಮೂರು ದಿನದಿಂದ ಬಿಡದೆ ಮಳೆ, ರಾತ್ರಿ ಒಂಬತ್ತೂವರೆಗೆ ಭಾವ ಫೋನ್ ಮಾಡಿದ್ರು. "ಮಾರಾಯಾ, ಸರ್ವರ್ ಸತ್ತೇ ಹೋಯ್ತು ಕಣೋ, ನೀಲಿ ಸ್ಕ್ರೀನ್ ಬಿಟ್ರೆ ಏನೂ ಬರ್ತಿಲ್ಲ, ಫಾರ್ಮ್ಯಾಟ್ ಹೊಡ್ದುಬಿಡ್ಲಾ?" ನಾನು "ಬೇಡ ಭಾವ, ಏನೂ ಮುಟ್ಬೇಡಿ, ಸ್ವಿಚ್ ಆಫ್ ಮಾಡಿ ಹಂಗೇ ಬಿಡಿ, ಬೆಳಿಗ್ಗೆ ಬರ್ತೀನಿ" ಅಂದೆ. ಸಾಗರದಿಂದ ಹೊಸನಗರ ಕಡೆ ಅವರ ಮನೆ, ಬೆಳಿಗ್ಗೆ ಹೋದವನು ಸಂಜೆ ಕಾಫಿ ಹೊತ್ತಿಗೆ ಎಲ್ಲ ಸರಿ ಮಾಡಿ ಬಂದೆ, ಒಂದೇ ಒಂದು ಫೈಲ್ ಹೋಗಿಲ್ಲ. ಅಲ್ಲಿ ಇದ್ದಿದ್ದು ಒಂದು ದೋಷ ಅಲ್ಲ, ನಾಲ್ಕು. ನಾಲ್ಕೂ ಬೇರೆ ಬೇರೆ ಕಾರಣದ್ದು, ಹೊರಗಿನಿಂದ ನೋಡಿದ್ರೆ ಮಾತ್ರ ಎಲ್ಲ "ಅಪ್‌ಗ್ರೇಡ್ ಕೈಕೊಡ್ತು" ಅಂತ ಒಂದೇ ಥರ ಕಾಣತ್ತೆ. ಮಲೆನಾಡಲ್ಲಿ ಮನೆ ಮಷೀನ್ ಮೇಲೆ ವಿಂಡೋಸ್ ಸರ್ವರ್ ಪ್ರಿವ್ಯೂ ಬಿಲ್ಡ್ (ಬಿಡುಗಡೆಗೆ ಮುಂಚೆ ಪರೀಕ್ಷೆಗೆ ಅಂತ ಕೊಡೋ ವರ್ಶನ್) ಇಟ್ಕೊಂಡಿರೋರಿಗೆ ಉಪಯೋಗ ಆಗ್ಲಿ ಅಂತ ನಡೆದಿದ್ದನ್ನ ನಡೆದ ಹಂಗೇ ಬರೀತಿದೀನಿ.

ಮಷೀನ್ ಬಗ್ಗೆ ಸ್ವಲ್ಪ ಹೇಳ್ಬೇಕು. ಆರನೇ ಜನರೇಷನ್ ಐ5, 16 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ, ಜೊತೆಗೆ 2 ಟಿಬಿ ಹಾರ್ಡ್‌ಡಿಸ್ಕ್. ಭಾವನ ಮಗ, ಅಂದ್ರೆ ನನ್ನ ಅಳಿಯ, ಇಂಜಿನಿಯರಿಂಗ್ ಓದುವಾಗ ಕಲಿಯೋಕೆ ಅಂತ ಪ್ರಿವ್ಯೂ ಸರ್ವರ್ ಹಾಕಿದ್ದ. ಆಮೇಲೆ ಅವನು ಬೆಂಗಳೂರಿಗೆ ಹೋದ, ಇಲ್ಲಿ ಭಾವ ನಿಧಾನಕ್ಕೆ ಚೇಣಿ (ಅಡಿಕೆ ಫಸಲಿನ ಗುತ್ತಿಗೆ) ಲೆಕ್ಕ, ಅಡಿಕೆ ತೂಕದ ಪಟ್ಟಿ, ಅಡಿಕೆ ದರ್ಜೆಯಲ್ಲಿ ರಾಶಿ ಇಡಿ ಎಷ್ಟು ಬೆಟ್ಟೆ ಎಷ್ಟು ಗೊರಬಲು ಎಷ್ಟು ಅನ್ನೋದು, ಮನೆ ಸಿಸಿ ಕ್ಯಾಮೆರಾ ರೆಕಾರ್ಡಿಂಗು, ಮದುವೆ ಫೋಟೋ, ಎಲ್ಲಾನೂ ಅದಕ್ಕೇ ತುಂಬ್ಕೊಂಡು ಬಂದ್ರು. ತೂಕದ ಮಷೀನನ್ನೂ ಒಂದು ಯುಎಸ್‌ಬಿ ಸೀರಿಯಲ್ ಕೇಬಲ್ ಹಾಕಿ ಅದಕ್ಕೇ ಸಿಕ್ಸಿದ್ರು. ಆ ಕೇಬಲ್ ನೆನಪಲ್ಲಿಟ್ಕೊಳ್ಳಿ.

ಪ್ರಿವ್ಯೂ ಬಿಲ್ಡ್‌ಗೆ ಗಡುವು ಇರತ್ತೆ, ಇದು ಸುಮಾರು ಜನಕ್ಕೆ ಗೊತ್ತಿರಲ್ಲ. ರನ್ ಬಾಕ್ಸಲ್ಲಿ ವಿನ್‌ವರ್ ಅಂತ ಹೊಡೆದ್ರೆ ಬರೋ ಸಣ್ಣ ವಿಂಡೋದಲ್ಲಿ ಬಿಲ್ಡ್ ನಂಬರ್ ಜೊತೆ ಯಾವತ್ತು ಮುಗಿಯತ್ತೆ ಅನ್ನೋ ತಾರೀಖೂ ಇರತ್ತೆ. ಅದು ಹತ್ರ ಬಂತು ಅಂದ್ರೆ ಹೊಸ ಬಿಲ್ಡ್‌ಗೆ ಹೋಗ್ಲೇಬೇಕು, ಇಲ್ಲಾಂದ್ರೆ ಒಂದಿನ ಆ ಮಷೀನ್ ನಂಬಿ ಕೆಲಸ ಮಾಡೋ ಹಂಗಿರಲ್ಲ. ಭಾವ ಅಪ್‌ಗ್ರೇಡ್‌ಗೆ ಕೈ ಹಾಕಿದ್ದು ಈ ಕಾರಣಕ್ಕೇ, ಅದ್ರಲ್ಲಿ ತಪ್ಪೇನಿಲ್ಲ.

ಮೊದಲನೇ ತೊಡಕು, ಅವರು ಐಎಸ್‌ಒ (ಇಡೀ ವಿಂಡೋಸ್ ಸೆಟಪ್ ಒಂದರಲ್ಲೇ ಇರೋ ಫೈಲ್) ಓಪನ್ ಮಾಡಿ ಸೆಟಪ್ ಓಡಿಸಿದಾಗ "ಫೈಲ್, ಸೆಟ್ಟಿಂಗ್, ಆಪ್ ಎಲ್ಲ ಉಳಿಸ್ಕೊ" ಅನ್ನೋ ಸಾಲು ಮಸುಕಾಗಿ ಬಂತಂತೆ, ಕ್ಲಿಕ್ ಆಗ್ತಿರಲಿಲ್ಲ, "ಏನೂ ಬೇಡ" ಅನ್ನೋದೊಂದೇ ಆಯ್ಕೆಗೆ ಸಿಗ್ತಿತ್ತು. ಇಲ್ಲಿ ನೆಕ್ಸ್ಟ್ ಒತ್ತಿದ್ರೆ ಮುಗೀತು, ಎಲ್ಲ ಹೋಗತ್ತೆ. ಪುಣ್ಯಕ್ಕೆ ಅವರು ಒತ್ತದೆ ಮಗನಿಗೆ ಫೋನ್ ಮಾಡಿದ್ರು. ಈ ಸಾಲು ಮಸುಕಾಗೋಕೆ ನಾನು ಕಂಡ ಕಾರಣ ಮೂರು. ಒಂದು, ಸೆಟಪ್ಪಲ್ಲಿ ನಾಲ್ಕು ಹೆಸರು ಬರತ್ತೆ, ಸ್ಟ್ಯಾಂಡರ್ಡ್, ಸ್ಟ್ಯಾಂಡರ್ಡ್ ಡೆಸ್ಕ್‌ಟಾಪ್ ಎಕ್ಸ್‌ಪೀರಿಯೆನ್ಸ್, ಡೇಟಾಸೆಂಟರ್, ಡೇಟಾಸೆಂಟರ್ ಡೆಸ್ಕ್‌ಟಾಪ್ ಎಕ್ಸ್‌ಪೀರಿಯೆನ್ಸ್ ಅಂತ. ಡೆಸ್ಕ್‌ಟಾಪ್ ಅಂತ ಬರೀದೇ ಇರೋದು ಕೋರ್, ಅಂದ್ರೆ ಬರೀ ಕಪ್ಪು ಕಮಾಂಡ್ ಕಿಟಕಿ. ನಿಮ್ಮ ಮಷೀನಲ್ಲಿ ಡೆಸ್ಕ್‌ಟಾಪ್ ಇದ್ದು ಇಲ್ಲಿ ಕೋರ್ ಆರಿಸಿದ್ರೆ ಉಳಿಸ್ಕೊಳ್ಳೋ ದಾರಿನೇ ಇಲ್ಲ, 2016ರ ಸರ್ವರಿಂದ ಈಚೆಗೆ ಕೋರ್‌ನಿಂದ ಡೆಸ್ಕ್‌ಟಾಪಿಗೂ ಡೆಸ್ಕ್‌ಟಾಪಿಂದ ಕೋರ್‌ಗೂ ಬದಲಾಯಿಸೋಕೆ ಬಿಡಲ್ಲ. ಭಾವ ಮಾಡಿದ್ದು ಇದನ್ನೇ, ಪಟ್ಟಿಯಲ್ಲಿ ಮೊದಲನೇ ಸಾಲು ಒತ್ತಿದ್ರು. ಎರಡು, ಸ್ಟ್ಯಾಂಡರ್ಡಿಂದ ಡೇಟಾಸೆಂಟರ್‌ಗೆ ಹತ್ತಬಹುದು, ಡೇಟಾಸೆಂಟರಿಂದ ಸ್ಟ್ಯಾಂಡರ್ಡ್‌ಗೆ ಇಳಿಯೋ ಹಂಗಿಲ್ಲ. ಮೂರು, ಭಾಷೆ. ಇನ್‌ಸ್ಟಾಲ್ ಆಗಿರೋ ಭಾಷೆನೇ ಐಎಸ್‌ಒದಲ್ಲೂ ಇರ್ಬೇಕು.

ಏನಿದೆ ಅಂತ ನೆನಪಿಲ್ಲದೇ ಇದ್ರೆ ಊಹೆ ಮಾಡ್ಬೇಡಿ, ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ಡಿಸ್ಮ್ ಕಮಾಂಡಲ್ಲಿ ಗೆಟ್ ಕರೆಂಟ್ ಎಡಿಶನ್ ಕೇಳಿ, ಎಡಿಶನ್ ಹೆಸರು ಹೇಳತ್ತೆ. ಕೋರಾ ಡೆಸ್ಕ್‌ಟಾಪಾ ಅನ್ನೋದು ರಿಜಿಸ್ಟ್ರಿಯಲ್ಲಿ ವಿಂಡೋಸ್ ಎನ್‌ಟಿ ಕೆಳಗೆ ಕರೆಂಟ್ ವರ್ಶನ್‌ನಲ್ಲಿ ಇನ್‌ಸ್ಟಲೇಶನ್ ಟೈಪ್ ಅಂತಿರೋ ಕಡೆ ಸಿಗತ್ತೆ, ಬರೀ ಸರ್ವರ್ ಅಂತಿದ್ರೆ ಡೆಸ್ಕ್‌ಟಾಪ್, ಸರ್ವರ್ ಕೋರ್ ಅಂತಿದ್ರೆ ಕೋರ್. ಇನ್ನೊಂದು ಮಾತು, ಬಿಲ್ಡ್ ನಂಬರ್ ಮೇಲಕ್ಕೆ ಮಾತ್ರ ಹೋಗತ್ತೆ. ವಿಂಡೋಸ್ ಸರ್ವರ್ 2025ರ ಬಿಲ್ಡ್ 26100, ನಿಮ್ಮ ಪ್ರಿವ್ಯೂ ಅದನ್ನ ದಾಟಿ ಮುಂದೆ ಹೋಗಿದ್ರೆ 2025ರ ಐಎಸ್‌ಒ ಹಾಕಿ ಫೈಲ್ ಉಳಿಸ್ಕೊಂಡು ಹಿಂದಕ್ಕೆ ಬರೋಕಾಗಲ್ಲ, ಆಗ್ಲೂ ಅದೇ ಸಾಲು ಮಸುಕಾಗೇ ಬರತ್ತೆ. ಲೈಸೆನ್ಸ್ ಕೀ ವಿಷಯನೂ ಹಂಗೇ, ಪ್ರಿವ್ಯೂಗೆ ಕೊಡೋ ಕೀ ಬೇರೆ, ದುಡ್ಡು ಕೊಟ್ಟು ತಗೊಂಡಿರೋ ಕೀ ಇಲ್ಲಿ ನಡೆಯಲ್ಲ.

ಅಳಿಯ ಫೋನಲ್ಲೇ ಇದನ್ನ ಸರಿ ಮಾಡ್ಸಿದ, ಅಪ್‌ಗ್ರೇಡ್ ಶುರುವಾಯ್ತು. ಎರಡು ಸಲ ರೀಸ್ಟಾರ್ಟ್ ಆಗಿ ಮುಕ್ಕಾಲು ಭಾಗ ಹೋಗಿ "ಹಿಂದಿನ ವರ್ಶನ್‌ಗೆ ವಾಪಸ್ ಹೋಗ್ತಿದೀವಿ" ಅಂತ ತೋರಿಸಿ ಹಳೇ ಬಿಲ್ಡ್‌ಗೇ ಬಂದು ನಿಂತ್ಕೊಳ್ತಂತೆ. ಭಾವ ಸ್ಕ್ರೀನ್ ಮೇಲೆ ಬಂದ ಕೋಡ್ ಬರ್ಕೊಳ್ಳದೇ ಕ್ಲೋಸ್ ಮಾಡಿ ಮತ್ತೆ ಓಡಿಸಿದ್ರು. ಎರಡನೇ ಸಲ ಓಡ್ತಿರುವಾಗ ಕರೆಂಟ್ ಹೋಯ್ತು, ಯುಪಿಎಸ್ ಬೀಪ್ ಬೀಪ್ ಅಂದು ಎರಡು ನಿಮಿಷಕ್ಕೆ ಮಲಗ್ತು. ಕರೆಂಟ್ ಬಂದು ಆನ್ ಮಾಡಿದ್ರೆ ನೀಲಿ ಸ್ಕ್ರೀನು, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂತ. ನಾನು ಹೋದಾಗ ಇದ್ದಿದ್ದು ಈ ಸ್ಥಿತಿ.

ಯಾರಿಗಾದ್ರೂ ಇಲ್ಲಿ ಅನಿಸೋದು ಏನಂದ್ರೆ, ಅಪ್‌ಗ್ರೇಡ್ ಅರ್ಧದಲ್ಲಿ ಕರೆಂಟ್ ಹೋಗಿ ವಿಂಡೋಸ್ ಕೆಟ್ಟೋಯ್ತು ಅಂತ. ನಂಗೂ ಹಂಗೇ ಅನಿಸ್ತು. ಆದ್ರೆ ಸೆಟಪ್ ಅರ್ಧದಲ್ಲಿ ನಿಂತ್ರೆ ಸಾಮಾನ್ಯವಾಗಿ ಮುಂದಿನ ಸಲ ಆನ್ ಆದಾಗ ತಾನೇ ಹಿಂದಕ್ಕೆ ಹೋಗೋಕೆ ನೋಡತ್ತೆ, ಇಲ್ಲಿ ಅಷ್ಟು ಕೂಡ ಆಗ್ತಿಲ್ಲ, ಡಿಸ್ಕೇ ಸಿಗ್ತಿಲ್ಲ ಅಂತಿದೆ. ಹಂಗಾಗಿ ವಿಂಡೋಸ್ ಬಿಟ್ಟು ಒಂದು ಮೆಟ್ಟಿಲು ಕೆಳಗೆ ಹೋಗೋಣ ಅಂತ ಬಯಾಸ್ (ವಿಂಡೋಸ್‌ಗೂ ಮುಂಚೆ ಏಳೋ, ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್ ಪೇಜು) ಓಪನ್ ಮಾಡಿದೆ. ಮೊದಲನೇ ಪೇಜಲ್ಲೇ ತಾರೀಖು 2016 ಜನವರಿ 1, ಟೈಮ್ ಸೊನ್ನೆ ಸೊನ್ನೆ ಚಿಲ್ಲರೆ.

ಅಷ್ಟು ನೋಡಿದ ಕೂಡ್ಲೇ ಅರ್ಧ ಉತ್ತರ ಸಿಕ್ತು, ಎರಡನೇ ತೊಡಕು ಇದು. ಮದರ್‌ಬೋರ್ಡ್ ಮೇಲಿರೋ ಬಿಲ್ಲೆ ಬ್ಯಾಟರಿ, ಸಿಆರ್2032, ಖಾಲಿ. ಗೋಡೆ ಪ್ಲಗ್ಗಲ್ಲಿ ಕರೆಂಟ್ ಇರೋ ತನಕ ಇದು ಗೊತ್ತೇ ಆಗಲ್ಲ, ಪೂರ್ತಿ ಕರೆಂಟ್ ಹೋದಾಗ ಮಾತ್ರ ಬಯಾಸ್ ಎಲ್ಲ ಮರೆತು ಫ್ಯಾಕ್ಟರಿ ಸೆಟ್ಟಿಂಗಿಗೆ ಹೋಗತ್ತೆ. ಮಲ್ಟಿಮೀಟರ್ ಹಿಡಿದು ನೋಡಿದ್ರೆ 2.1 ವೋಲ್ಟ್ ಇತ್ತು, 3 ವೋಲ್ಟ್ ಇರ್ಬೇಕಾದ್ದು. ತಾರೀಖು ಹೋಗಿದ್ದು ದೊಡ್ಡದಲ್ಲ, ಅದ್ರ ಜೊತೆ ಸಾಟಾ ಮೋಡ್ (ಡಿಸ್ಕ್ ಜೊತೆ ಬೋರ್ಡ್ ಮಾತಾಡೋ ವಿಧಾನ) ಕೂಡ ಬದಲಾಗಿತ್ತು. ವಿಂಡೋಸ್ ಹಾಕುವಾಗ ಎಎಚ್‌ಸಿಐ ಅಂತಿದ್ದಿದ್ದು ಈಗ ರೇಡ್ ಅಂತ ಆಗಿದೆ, ಆ ಬೋರ್ಡಿನ ಡೀಫಾಲ್ಟೇ ಅದು. ವಿಂಡೋಸ್‌ಗೆ ಬೂಟ್ ಆಗುವಾಗ ಯಾವ ಡ್ರೈವರಲ್ಲಿ (ಡಿವೈಸನ್ನ ನಡೆಸೋ ಸಣ್ಣ ಪ್ರೋಗ್ರಾಮು) ಡಿಸ್ಕ್ ನೋಡ್ಬೇಕು ಅಂತ ಮೊದಲೇ ಬರ್ದಿಟ್ಟಿರತ್ತೆ, ಅದು ಹೊಂದ್ಲಿಲ್ಲ ಅಂದ್ರೆ ಇದೇ ನೀಲಿ ಸ್ಕ್ರೀನು. ಪೇಟೆಯಿಂದ ಹೊಸ ಬಿಲ್ಲೆ ಬ್ಯಾಟರಿ ತರಿಸಿ ಹಾಕಿ, ಎಎಚ್‌ಸಿಐ ಮಾಡಿ, ತಾರೀಖು ಸರಿ ಮಾಡಿ, ಬೂಟ್ ಆರ್ಡರಲ್ಲಿ ಎಸ್‌ಎಸ್‌ಡಿ ಮೇಲೆ ತಂದು ಸೇವ್ ಮಾಡಿದೆ. ಐದು ನಿಮಿಷ ಚುಕ್ಕಿ ತಿರುಗಿ ಹಳೇ ಬಿಲ್ಡ್ ಅಚ್ಚುಕಟ್ಟಾಗಿ ಬಂತು. ಭಾವ ಹಿಂದೆ ನಿಂತು ನೋಡ್ತಿದ್ದವರು ಏನೂ ಮಾತಾಡದೆ ಒಳಗೆ ಹೋಗಿ ಅಕ್ಕನಿಗೆ ಕಾಫಿ ಹೇಳಿದ್ರು.

ನಿಮ್ಮಲ್ಲೂ ಬಯಾಸ್ ತಾರೀಖು ಹಿಂದಕ್ಕೆ ಹೋಗಿದ್ರೆ ಮೊದ್ಲು ಅದನ್ನ ಸರಿ ಮಾಡಿ, ಆಮೇಲೆ ಉಳಿದಿದ್ದು. ಬ್ಯಾಟರಿ ಹಾಕಿದ್ಮೇಲೆ ಬಯಾಸಿನ ಒಂದೊಂದು ಪೇಜೂ ಮೊಬೈಲಲ್ಲಿ ಫೋಟೋ ಹೊಡ್ಕೊಳ್ಳಿ, ಸಾಟಾ ಮೋಡ್, ಯುಇಎಫ್‌ಐನಾ ಲೆಗಸಿನಾ, ಸೆಕ್ಯೂರ್ ಬೂಟ್, ವರ್ಚುವಲೈಸೇಶನ್, ಇಷ್ಟು ಸಾಕು.

ಕರೆಂಟ್ ವಿಷಯ ಇಲ್ಲೇ ಹೇಳ್ಬಿಡ್ತೀನಿ. 600 ವಿಎ ಯುಪಿಎಸ್ಸು ಹೊಸದಿದ್ರೂ ಒಂದು ಅಪ್‌ಗ್ರೇಡ್ ಮುಗಿಯೋ ತನಕ ತಡೆಯಲ್ಲ, ಮೂರು ವರ್ಷದ ಬ್ಯಾಟರಿ ಅಂತೂ ಸುಮ್ನೆ ಸದ್ದು ಮಾಡೋಕೆ ಮಾತ್ರ. ಮಲೆನಾಡಲ್ಲಿ ಬಹಳ ಮನೆಯಲ್ಲಿ ಇನ್ವರ್ಟರ್ ಇದ್ದೇ ಇರತ್ತೆ, ಅದರ ಲೈನಿಂದ ಒಂದು ಎಕ್ಸ್‌ಟೆನ್ಷನ್ ಎಳೆದು, ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದ್ರೆ ಅದಕ್ಕೆ ಹಾಕಿ, ಮಧ್ಯದಲ್ಲಿ ಈ ಸಣ್ಣ ಯುಪಿಎಸ್ಸೂ ಇಟ್ಟು ಕಂಪ್ಯೂಟರಿಗೆ ಕೊಡಿ. ಶುರು ಮಾಡೋಕೆ ಮುಂಚೆ ಮೈನ್ ಒಂದ್ಸಲ ಆಫ್ ಮಾಡಿ ನೋಡಿ, ಮಷೀನ್ ನಿಂತ್ರೆ ಅವತ್ತು ಅಪ್‌ಗ್ರೇಡ್ ಬೇಡ.

ಈಗ ಮೂರನೇ ತೊಡಕು, ಮುಖ್ಯ ಪ್ರಶ್ನೆ. ಕರೆಂಟ್ ಹೋಗಿದ್ದು ಎರಡನೇ ಸಲ, ಮೊದಲನೇ ಸಲ ಕರೆಂಟ್ ಇದ್ದೂ ಯಾಕೆ ವಾಪಸ್ ಬಂತು? ಇದನ್ನ ಹುಡುಕದೇ ಮೂರನೇ ಸಲ ಓಡಿಸಿದ್ರೂ ಅದೇ ಆಗ್ತಿತ್ತು. ಸ್ಕ್ರೀನ್ ಮೇಲಿನ ಕೋಡ್ ಬರ್ಕೊಂಡಿಲ್ಲ ಅಂದ್ರೂ ಲಾಗಲ್ಲಿ ಉಳಿದಿರತ್ತೆ. ಸಿ ಡ್ರೈವಲ್ಲಿ ಹಿಡನ್ ಫೈಲ್ ಕಾಣೋ ಹಂಗೆ ಮಾಡಿದ್ರೆ ಡಾಲರ್ ಗುರುತು ಇಟ್ಕೊಂಡು ವಿಂಡೋಸ್ ಬಿಟಿ ಅಂತ ಒಂದು ಫೋಲ್ಡರ್ ಸಿಗತ್ತೆ, ಅದ್ರೊಳಗೆ ಸೋರ್ಸಸ್, ಅದ್ರೊಳಗೆ ಪ್ಯಾಂಥರ್, ಅಲ್ಲಿ ಸೆಟಪ್‌ಆಕ್ಟ್ ಮತ್ತೆ ಸೆಟಪ್‌ಎರರ್ ಅನ್ನೋ ಲಾಗ್ ಫೈಲು. ವಾಪಸ್ ಬಂದ ಕೇಸಲ್ಲಿ ಪಕ್ಕದಲ್ಲೇ ರೋಲ್‌ಬ್ಯಾಕ್ ಅಂತ ಇನ್ನೊಂದು ಫೋಲ್ಡರ್ ಇರತ್ತೆ, ಅದನ್ನೂ ನೋಡ್ಬೇಕು. ಮತ್ತೆ ಸೆಟಪ್ ಓಡಿಸೋಕೆ ಮುಂಚೆ ಈ ಫೋಲ್ಡರನ್ನ ಪೆನ್‌ಡ್ರೈವಿಗೆ ಕಾಪಿ ಮಾಡ್ಕೊಳ್ಳಿ, ಹೊಸದಾಗಿ ಓಡಿದಾಗ ಹಳೇದು ಉಳಿಯತ್ತೆ ಅಂತ ನಂಬೋ ಹಂಗಿಲ್ಲ. ಮೈಕ್ರೋಸಾಫ್ಟಿನ ಸೆಟಪ್‌ಡಯಾಗ್ ಅನ್ನೋ ಸಣ್ಣ ಟೂಲ್ ಈ ಲಾಗ್ ಓದಿ ಕಾರಣ ಹೇಳತ್ತೆ, ಮೊದಲ ಸಲ ಮಾಡೋರಿಗೆ ಅದೇ ಸುಲಭ, ನಂಗೆ ಮಾತ್ರ ಕಣ್ಣಲ್ಲೇ ಓದಿದ್ರೆ ಸಮಾಧಾನ.

ಸಿಕ್ಕಿದ ಕೋಡ್ 0ಎಕ್ಸ್‌ಸಿ1900101 - 0ಎಕ್ಸ್30018. ಇದನ್ನ ಎರಡು ಭಾಗ ಮಾಡಿ ಓದ್ಬೇಕು. ಮೊದಲನೇದು ಸಿ1900101 ಅಂತ ಬಂದ್ರೆ ಹೆಚ್ಚಾಗಿ ಡ್ರೈವರ್ ತಕರಾರು. ಎರಡನೇ ಭಾಗದಲ್ಲಿ ಎಕ್ಸ್ ಆದ್ಮೇಲೆ ಬರೋ ಮೊದಲ ಅಂಕಿ ಎಲ್ಲಿ ನಿಂತಿತು ಅನ್ನೋದು. ಒಂದಾದ್ರೆ ಇನ್ನೂ ಹಳೇ ವಿಂಡೋಸ್ ಒಳಗೇ ಇರುವಾಗ, ಎರಡಾದ್ರೆ ಮೊದಲ ರೀಸ್ಟಾರ್ಟ್ ಆಗಿ ಸೇಫ್ ಓಎಸ್ ಅಂತ ಸಣ್ಣ ವಿಂಡೋಸಲ್ಲಿ, ಮೂರಾದ್ರೆ ಹೊಸ ಬಿಲ್ಡ್ ಮೊದಲ ಸಲ ಎದ್ದಾಗ, ನಾಲ್ಕಾದ್ರೆ ಎರಡನೇ ಸಲ ಎದ್ದಾಗ. ನಮ್ಮದು ಮೂರು. ಅಂದ್ರೆ ಹೊಸ ಬಿಲ್ಡ್ ಎದ್ದಿದೆ, ಎದ್ದು ಮಷೀನಿಗೆ ಸಿಕ್ಸಿರೋ ಒಂದೊಂದು ಡಿವೈಸನ್ನೂ ಕೂರಿಸ್ಕೊಳ್ಳುವಾಗ ಯಾವುದೋ ಒಂದು ಡ್ರೈವರ್ ಮಾತೇ ಆಡದೆ ಕೂತಿದೆ. ಹಂಗಾದ್ರೆ ಡಿಸ್ಕ್ ಜಾಗ, ಕೆಟ್ಟ ಐಎಸ್‌ಒ, ಕೀ, ಪ್ರೊಸೆಸರ್, ಇಷ್ಟನ್ನೂ ಒಂದೇ ಏಟಿಗೆ ಪಟ್ಟಿಯಿಂದ ತೆಗೀಬಹುದು. ಬರೀ ಆ ಒಂದು ಅಂಕಿಯಿಂದ ಅರ್ಧ ದಿನದ ಕೆಲಸ ಉಳೀತು.

ಯಾವ ಡ್ರೈವರ್ ಅನ್ನೋಕೆ ಸೆಟಪ್‌ಎಪಿಐ ಡೆವ್ ಅನ್ನೋ ಲಾಗ್ ತೆಗೀಬೇಕು. ಉದ್ದ ಇರತ್ತೆ, ಹೆದರ್ಬೇಡಿ, ಕೆಳಗಿನಿಂದ ಮೇಲಕ್ಕೆ ಓದಿ. ಒಂದೊಂದು ಡಿವೈಸ್‌ಗೂ ಮೂರು ಬಾಣದ ಗುರುತು ಹಾಕಿ ಸೆಕ್ಷನ್ ಸ್ಟಾರ್ಟ್ ಅಂತ ಟೈಮ್ ಇರತ್ತೆ, ಮುಗಿದಾಗ ತಿರುಗಿದ ಬಾಣ ಹಾಕಿ ಸೆಕ್ಷನ್ ಎಂಡ್, ಎಕ್ಸಿಟ್ ಸ್ಟೇಟಸ್ ಸಕ್ಸೆಸ್ ಅಂತ ಇರತ್ತೆ. ತಪ್ಪಾಗಿದ್ರೆ ಸಾಲಿನ ಮುಂದೆ ಮೂರು ಆಶ್ಚರ್ಯ ಚಿಹ್ನೆ. ನಾನು ಓದ್ತಾ ಹೋದೆ, ಡಿಸ್ಪ್ಲೇ ಸಕ್ಸೆಸ್, ಸೌಂಡ್ ಸಕ್ಸೆಸ್, ಪ್ರಿಂಟರ್ ಸಕ್ಸೆಸ್, ಕೊನೇ ಸೆಕ್ಷನ್ನಿಗೆ ಸ್ಟಾರ್ಟ್ ಇದೆ, ಎಂಡೇ ಇಲ್ಲ. ಅದು ಯುಎಸ್‌ಬಿ ಸೀರಿಯಲ್ ಕೇಬಲ್ಲು. ಅಡಿಕೆ ತೂಕದ ಮಷೀನಿಗೆ ಹಾಕಿದ್ದೇ.

ಡ್ರೈವರ್ ಸುಮಾರು ಹಳೇದು, ಕೇಬಲ್ ಜೊತೆ ಬಂದಿದ್ದ ಸಣ್ಣ ಸಿಡಿಯಿಂದ ಹಾಕಿದ್ದಂತೆ. ಕೇಬಲ್ ಕಿತ್ತೆ. ಕಿತ್ತರೆ ಮಾತ್ರ ಸಾಲದು, ಡ್ರೈವರ್ ಒಳಗೇ ಕೂತಿರತ್ತೆ, ಹೊಸ ಬಿಲ್ಡ್‌ಗೂ ಜೊತೆಗೇ ಹೋಗತ್ತೆ. ಪಿಎನ್‌ಪಿ ಯುಟಿಲ್ ಕಮಾಂಡಲ್ಲಿ ಎನಮ್ ಡ್ರೈವರ್ಸ್ ಕೇಳಿದ್ರೆ ಹೊರಗಿನಿಂದ ಹಾಕಿರೋದೆಲ್ಲ ಒಇಎಂ ಅಂತ ನಂಬರ್ ಸಮೇತ ಬರತ್ತೆ, ಅದ್ರಲ್ಲಿ ಇದ್ರ ನಂಬರ್ ಹಿಡಿದು ಡಿಲೀಟ್ ಡ್ರೈವರ್, ಅನ್‌ಇನ್‌ಸ್ಟಾಲ್ ಎರಡೂ ಕೊಟ್ಟು ತೆಗೆದೆ. ಪ್ರಿಂಟರು, ಪೆನ್‌ಡ್ರೈವು, ಕಾರ್ಡ್ ರೀಡರು, ಎಲ್ಲ ಕಿತ್ತು ಕೀಬೋರ್ಡ್ ಮೌಸ್ ಮಾನಿಟರ್ ಮೂರೇ ಬಿಟ್ಟೆ. ಹೊರಗಿನ ಆಂಟಿವೈರಸ್ ಏನಾದ್ರೂ ಇದ್ರೆ ಅದನ್ನೂ ಅಪ್‌ಗ್ರೇಡ್ ಮುಗಿಯೋ ತನಕ ತೆಗೀರಿ, ಎರಡನೇ ಭಾಗ ನಾಲ್ಕರಿಂದ ಶುರುವಾಗೋ ಕೋಡಲ್ಲಿ ಅದೂ ಒಂದು ಕಾರಣ ಆಗಿರತ್ತೆ.

ನಮ್ಮ ಕೋಡ್ ಬಿಟ್ಟು ಬೇರೆ ಬಂದಿದ್ರೆ ಬೇರೆ ದಾರಿ. 80070070 ಅಂತ ಬಂದ್ರೆ ಡಿಸ್ಕಲ್ಲಿ ಜಾಗ ಇಲ್ಲ, ಸಿ ಡ್ರೈವಲ್ಲಿ 40 ಜಿಬಿ ಖಾಲಿ ಇಟ್ಕೊಳ್ಳಿ. ಸಿ1900208 ಬಂದ್ರೆ ಯಾವುದೋ ಸಾಫ್ಟ್‌ವೇರ್ ಹೊಂದಲ್ಲ ಅಂತ. ಇನ್ನು ತುಂಬಾ ಹಳೇ ಮಷೀನ್ ಇಟ್ಕೊಂಡಿರೋರು ಒಂದು ವಿಷಯ ತಿಳ್ಕೊಳ್ಳಿ, 26100 ಮತ್ತೆ ಅದ್ರ ಮುಂದಿನ ಬಿಲ್ಡ್‌ಗಳಿಗೆ ಪ್ರೊಸೆಸರಲ್ಲಿ ಎಸ್‌ಎಸ್‌ಇ 4.2, ಪಾಪ್‌ಕೌಂಟ್ ಅನ್ನೋ ಪ್ರೊಸೆಸರ್ ಸೂಚನೆಗಳು ಎರಡೂ ಇರ್ಲೇಬೇಕು. ಕೋರ್ 2 ಡುವೋ ಕಾಲದ ಮಷೀನಲ್ಲಿ ಅದಿಲ್ಲ, ಅಲ್ಲಿ ಎಷ್ಟು ತಿಣುಕಿದ್ರೂ ಬೂಟ್ ಆಗಲ್ಲ, ಅದು ದೋಷನೂ ಅಲ್ಲ. ಐಎಸ್‌ಒ ಬಗ್ಗೆ ಅನುಮಾನ ಇದ್ರೆ, ಮಳೆಗಾಲದಲ್ಲಿ ಇಂಟರ್ನೆಟ್ ಹೋಗಿ ಬಂದು ಮಾಡ್ತಾ ಇಳಿಸ್ಕೊಂಡಿದ್ರೆ, ಗೆಟ್ ಫೈಲ್‌ಹ್ಯಾಶ್ ಕೊಟ್ಟು ಬಂದ ಉದ್ದ ನಂಬರನ್ನ ಡೌನ್‌ಲೋಡ್ ಜಾಗದಲ್ಲಿ ಕೊಟ್ಟಿರೋದ್ರ ಜೊತೆ ಹೋಲಿಸಿ.

ಮೂರನೇ ಸಲ ಓಡಿಸೋಕೆ ಮುಂಚೆ ಚೇಣಿ ಲೆಕ್ಕದ ಫೋಲ್ಡರ್, ಫೋಟೋ, ಎಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿ ಆ ಹಾರ್ಡ್‌ಡಿಸ್ಕನ್ನ ಬೇರೆ ಲ್ಯಾಪ್‌ಟಾಪಿಗೆ ಸಿಕ್ಸಿ ಎರಡು ಫೈಲ್ ತೆಗೆದು ನೋಡ್ದೆ. ಇದು ಖಂಡಿತ ಮಾಡಿ. ಅಪ್‌ಗ್ರೇಡ್ ಅರ್ಧಕ್ಕೆ ನಿಂತ್ರೆ ಅದೇ ವಾಪಸ್ ತರತ್ತೆ, ಆದ್ರೆ ಪೂರ್ತಿ ಮುಗಿದ್ಮೇಲೆ ಹಿಡಿಸ್ಲಿಲ್ಲ ಅಂತ ಹಿಂದಕ್ಕೆ ಹೋಗೋ ಬಟನ್ ಮನೆ ವಿಂಡೋಸಲ್ಲಿ ಇದ್ದ ಹಂಗೆ ಸರ್ವರಲ್ಲಿ ಇಲ್ಲ.

ಒಂದು ಗಂಟೆ ಹತ್ತು ನಿಮಿಷ ತಗೊಂಡು ಹೊಸ ಬಿಲ್ಡ್ ಬಂತು. ಊಟಕ್ಕೆ ಕೂತಾಗ ಭಾವ "ನೆಟ್ ಬರ್ತಿಲ್ಲವಲ್ಲೋ" ಅಂದ್ರು.

ನಾಲ್ಕನೇದು ಇದು, ಮಲೆನಾಡಲ್ಲಿ ಇದಕ್ಕೆ ಇನ್ನೊಂದು ಕವಲೂ ಇದೆ. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಲ್ಲಿ ಕೇಬಲ್ ಮೂಲಕ ಬಂದ ಏಟಿಗೆ ರೂಟರೂ ಲ್ಯಾನ್ ಪೋರ್ಟೂ ಹೋಗೋದು ಇಲ್ಲಿ ಹೊಸದಲ್ಲ. ಹಂಗಾಗಿ ಪೋರ್ಟ್ ಸುಟ್ಟಿದ್ಯಾ ಅಥವಾ ಡ್ರೈವರ್ ಇಲ್ವಾ ಅಂತ ಮೊದ್ಲು ಬೇರೆ ಮಾಡ್ಕೋಬೇಕು. ಡಿವೈಸ್ ಮ್ಯಾನೇಜರಲ್ಲಿ ಅದರ್ ಡಿವೈಸಸ್ ಕೆಳಗೆ ಹಳದಿ ಗುರುತು ಹಾಕಿ ಈಥರ್ನೆಟ್ ಕಂಟ್ರೋಲರ್ ಅಂತ ಬಂದ್ರೆ ಚಿಪ್ಪಿಗೆ ಜೀವ ಇದೆ, ಬರೀ ಡ್ರೈವರ್ ಬೇಕು. ಅಲ್ಲಿ ಹೆಸರೇ ಇಲ್ಲ, ಬಯಾಸಲ್ಲಿ ಆನ್ ಇದ್ರೂ ಕಾಣ್ತಿಲ್ಲ, ಕೇಬಲ್ ಹಾಕಿದ್ರೆ ಲೈಟೂ ಇಲ್ಲ ಅಂದ್ರೆ ಪೋರ್ಟ್ ಹೋಗಿದೆ, ಒಂದು ಕಾರ್ಡ್ ತಂದು ಹಾಕೋದೇ ದಾರಿ. ನಮ್ಮಲ್ಲಿ ಹಳದಿ ಗುರುತು ಇತ್ತು.

ಮನೆ ಮದರ್‌ಬೋರ್ಡ್ ಮೇಲೆ ಬರೋ ಕೆಲವು ನೆಟ್‌ವರ್ಕ್ ಚಿಪ್ಪಿನ ಡ್ರೈವರ್ ಪ್ಯಾಕಲ್ಲಿ ಸರ್ವರ್‌ಗೆ ಅಂತ ಆ ಮಾಡೆಲ್ ಹೆಸರನ್ನ ಸೇರಿಸಿರಲ್ಲ, ಇನ್‌ಸ್ಟಾಲರ್ ಓಡಿಸಿದ್ರೆ "ನಿಮ್ಮಲ್ಲಿ ನಮ್ಮ ಅಡಾಪ್ಟರೇ ಇಲ್ಲ" ಅನ್ನತ್ತೆ. ಚಿಪ್ ಒಂದೇ, ಪಟ್ಟಿಯಲ್ಲಿ ಹೆಸರಿಲ್ಲ ಅಷ್ಟೆ. ಆ ಪಟ್ಟಿ ಇರೋ ಇನ್ಫ್ ಫೈಲ್ ತಿದ್ದಿ ಹಾಕೋರಿದ್ದಾರೆ, ತಿದ್ದಿದ್ರೆ ಡ್ರೈವರ್ ಸಹಿ ಮುರಿಯತ್ತೆ, ಅದಕ್ಕೆ ಸಹಿ ತಪಾಸಣೆ ಆಫ್ ಮಾಡ್ಬೇಕು, ನಾನು ಅದನ್ನ ಮನೆ ಲೆಕ್ಕ ಇರೋ ಮಷೀನಲ್ಲಿ ಮಾಡಲ್ಲ. ಅದ್ರ ಬದಲು ಡ್ರೈವರ್ ಪ್ಯಾಕ್ ಬಿಚ್ಚಿ ಇಟ್ಕೊಂಡು, ಡಿವೈಸ್ ಮ್ಯಾನೇಜರಲ್ಲಿ ಅಪ್‌ಡೇಟ್ ಡ್ರೈವರ್, ನಾನೇ ಹುಡುಕ್ತೀನಿ, ಪಟ್ಟಿಯಿಂದ ಆರಿಸ್ತೀನಿ ಅಂತ ಹೋಗಿ, ಅದೇ ಜಾತಿಯ ಆಫೀಸ್ ಮಾಡೆಲ್ ಹೆಸರು ಒತ್ತಿದೆ. ಹೊಂದುತ್ತೋ ಇಲ್ವೋ ಗೊತ್ತಿಲ್ಲ ಅಂತ ಎಚ್ಚರಿಕೆ ಕೊಡ್ತು, ಎಸ್ ಅಂದೆ, ಹಸಿರು ಲೈಟ್ ಬಂತು. ಡ್ರೈವರ್ ಇಳಿಸ್ಕೊಳ್ಳೋಕೆ ನೆಟ್ ಬೇಕಲ್ಲ ಅಂದ್ರೆ, ಮೊಬೈಲನ್ನ ಯುಎಸ್‌ಬಿಗೆ ಹಾಕಿ ಟೆದರಿಂಗ್ ಆನ್ ಮಾಡಿ, ನಾನು ಹಂಗೇ ಮಾಡಿದ್ದು.

ಲೈಟ್ ಬಂದ್ರೂ ಮನೆಯ ಬೇರೆ ಕಂಪ್ಯೂಟರಿಗೆ ಸರ್ವರ್ ಸಿಗ್ಲಿಲ್ಲ. ಹಳೇ ಫಿಕ್ಸೆಡ್ ಐಪಿ ಹಳೇ ಅಡಾಪ್ಟರ್ ಹೆಸರಿಗೆ ಅಂಟ್ಕೊಂಡಿತ್ತು, ಹೊಸದು ರೂಟರಿಂದ ಬೇರೆ ಐಪಿ ತಗೊಂಡಿತ್ತು. ಡಿವೈಸ್ ಮ್ಯಾನೇಜರಲ್ಲಿ ಶೋ ಹಿಡನ್ ಡಿವೈಸಸ್ ಕೊಟ್ರೆ ಮಸುಕಾಗಿ ಹಳೇ ಅಡಾಪ್ಟರ್ ಕಾಣತ್ತೆ, ಅದನ್ನ ಅನ್‌ಇನ್‌ಸ್ಟಾಲ್ ಮಾಡಿ ಹೊಸದಕ್ಕೆ ಅದೇ ಐಪಿ ಕೊಟ್ಟೆ. ಇದಾದ್ಮೇಲೂ ಸರ್ವರಿಂದ ಹಳೇ ನ್ಯಾಸ್ ಡಬ್ಬಿಗೆ (ನೆಟ್‌ವರ್ಕಲ್ಲಿ ಫೈಲ್ ಇಡೋ ಡಿಸ್ಕ್ ಪೆಟ್ಟಿಗೆ) ಹೋಗೋಕಾಗ್ದೇ ಇದ್ರೆ ಅದು ಬೇರೆ ವಿಷಯ, ಸರ್ವರ್ 2025 ವರ್ಶನ್‌ನಿಂದ ಈಚೆಗಿನವು ಹೊರಗೆ ಫೈಲ್ ಶೇರ್‌ಗೆ ಹೋಗುವಾಗ ಎಸ್‌ಎಂಬಿ (ವಿಂಡೋಸ್ ಫೈಲ್ ಹಂಚಿಕೆ ವಿಧಾನ) ಸಹಿ ಕಡ್ಡಾಯ ಕೇಳತ್ತೆ, ಪಾಸ್‌ವರ್ಡ್ ಇಲ್ದಿರೋ ಗೆಸ್ಟ್ ಶೇರ್ ನಡೆಯಲ್ಲ. ಡಬ್ಬಿಯಲ್ಲಿ ಒಂದು ಯೂಸರ್ ಪಾಸ್‌ವರ್ಡ್ ಮಾಡಿ, ಅದರ ಫರ್ಮ್‌ವೇರ್ ಅಪ್‌ಡೇಟ್ ಇದ್ರೆ ಹಾಕಿ ನೋಡಿ.

ಕೊನೆಗೆ ಸೀರಿಯಲ್ ಕೇಬಲ್. ಹಳೇ ಸಿಡಿ ಪಕ್ಕಕ್ಕಿಟ್ಟು ಚಿಪ್ ತಯಾರಕರ ಹೊಸ ಡ್ರೈವರ್ ಹಾಕಿ ಸಿಕ್ಸಿದೆ, ಸೀರಿಯಲ್ ಕೇಬಲ್ಲಿಗೆ ವಿಂಡೋಸ್ ಕೊಡೋ ಕಾಮ್ ಪೋರ್ಟ್ ನಂಬರ್ 3 ಇದ್ದಿದ್ದು 5 ಆಗಿತ್ತು, ಅಡ್ವಾನ್ಸ್ಡ್ ಸೆಟ್ಟಿಂಗಲ್ಲಿ ಮತ್ತೆ 3 ಮಾಡ್ದೆ. ಭಾವ ಜಗಲಿಯಿಂದ ಒಂದು ಚೀಲ ಚಾಲಿ ಅಡಿಕೆ ತಂದು ತೂಕದ ಮೇಲಿಟ್ರು, ಸ್ಕ್ರೀನ್ ಮೇಲೆ 38.450 ಅಂತ ಬಂತು. ಬಯಾಸ್ ಫೋಟೋಗಳನ್ನ ಪ್ರಿಂಟ್ ತೆಗೆದು ಕ್ಯಾಬಿನೆಟ್ ಒಳಗೆ ಅಂಟಿಸಿ, ಬಿಲ್ಲೆ ಬ್ಯಾಟರಿ ಹಾಕಿದ ತಾರೀಖು ಮತ್ತೆ ಹೊಸ ಬಿಲ್ಡ್ ಗಡುವು ಎರಡನ್ನೂ ಮಾರ್ಕರಲ್ಲಿ ಮೇಲೆ ಬರೆದಿಟ್ಟು ಹೊರಟೆ.